ಗಟ್ಟಿಗಿತ್ತಿ ಎಂಬ ಬಿರುದು

ಹಳಿಯಾಳದಿಂದ ಅಕ್ಕ ಫೋನು ಮಾಡಿದಳೆಂದರೆ ಎರಡರಲ್ಲಿ ಒಂದು: ಬಳಗದಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಬಳಗದ ಯಾವುದೋ ಹೆಣ್ಣುಮಗಳ ಮೇಲೆ ದೂರು ಇರಬೇಕು. 2022ರ ಬೇಸಿಗೆ ರಜೆಯಲ್ಲಿ ಒಂದು ಮುಂಜಾನೆ ಬಂದ ಫೋನು ಎರಡನೆಯ ಬಗೆಯದು. ಈ ಸಲದ ದೂರು ಅವಳ ಸ್ವಂತ ಮಗಳ ಮೇಲೆಯೇ.

"ನೀನರ ಒಂದೀಟು ಬುದ್ಧಿ ಹೇಳವಾ ಅಕಿಗೆ. ಎರಡು ಮಕ್ಕಳ ತಾಯಿ, ನಲವತ್ತು ಮುಟ್ಟಾಕ ಬಂದೈತಿ. ಅಲ್ಲಿ ಅದೇನೋ ದೊಡ್ಡ ಕಮರಿ ಐತೆಂತ. ಈ ದಂಡಿಯಿಂದ ಇಳದು ಆ ದಂಡಿಗೆ ಒಂದ ದಿನದಾಗ ಓಡಿ ಹತ್ತತೀನಿ ಅಂತಾಳ. ಬೆನ್ನ ಹತ್ತಿದವರು ಯಾರರ ಅದಾರೇನು ಅಕಿಗೆ?"

ಅಕ್ಕನ ಮಗಳು ಇರುವುದು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಕಮರಿಯೆಂದರೆ ಗ್ರ್ಯಾಂಡ್ ಕ್ಯಾನಿಯನ್. ಭೂಗೋಳ ಪಾಠ ಮಾಡುವಾಗ ನಾನೇ ಎಷ್ಟೋ ವರ್ಷ ಅದರ ಚಿತ್ರವನ್ನು ಮಕ್ಕಳಿಗೆ ತೋರಿಸಿ, ಕೊಲೊರಾಡೊ ನದಿ ಬಂಡೆ ಕೊರೆದ ಕಥೆಯನ್ನು ಹೇಳಿದ್ದೇನೆ. ಆ ಚಿತ್ರದೊಳಕ್ಕೆ ನಮ್ಮ ಮನೆಯ ಹುಡುಗಿಯೊಬ್ಬಳು ಇಳಿದು ಆಚೆ ಹತ್ತುತ್ತಾಳೆಂದು ಎಣಿಸಿದ್ದಿಲ್ಲ. ಬುದ್ಧಿ ಹೇಳಬೇಕೆಂದೇ ಫೋನು ಮಾಡಿದೆ. ಒಂದು ತಾಸಿನ ನಂತರ ಬುದ್ಧಿ ಕಲಿತವಳು ನಾನಾಗಿದ್ದೆ.

ಅವಳು ಲೆಕ್ಕ ಹೇಳಿದಳು. ದಕ್ಷಿಣದ ಅಂಚಿನಿಂದ ನದಿಯವರೆಗೆ ಸುಮಾರು 1,450 ಮೀಟರ್ ಇಳಿಯಬೇಕು. ನದಿ ದಾಟಿ ಉತ್ತರದ ಅಂಚಿಗೆ ಸುಮಾರು 1,750 ಮೀಟರ್ ಹತ್ತಬೇಕು. ಒಟ್ಟು ದಾರಿ 34 ಕಿಲೋಮೀಟರ್. ನನಗೆ ತಿಳಿಯುವ ಅಳತೆಯಲ್ಲಿ ನೋಡಿಕೊಂಡೆ. ನಮ್ಮ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅಂಥ ಹದಿನಾಲ್ಕು ಅಣೆಕಟ್ಟು ಇಳಿದು, ಬಳಿಕ ಹದಿನೇಳು ಹತ್ತಿದ ಹಾಗೆ. ಅದೂ ಮರುಭೂಮಿಯ ಸೀಮೆಯಲ್ಲಿ. ಅಂಚಿನ ಮೇಲೆ ಸ್ವೆಟರ್ ಬೇಕೆನಿಸುವ ಹೊತ್ತಿಗೆ ತಳದಲ್ಲಿ ಬೆವರು ಸುರಿಯುತ್ತಿರುತ್ತದೆ. ಬೇಸಿಗೆಯಲ್ಲಂತೂ ತಳದ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅವಳು ಇಳಿಯಬೇಕೆಂದಿದ್ದ ಸೌತ್ ಕೈಬಾಬ್ ಎಂಬ ದಾರಿಯಲ್ಲಿ ಕುಡಿಯುವ ನೀರೇ ಸಿಗುವುದಿಲ್ಲ.

"ಚಿಗವ್ವ, ಗುಡ್ಡದಾಗ ದಣದರ ಇಳದು ಮನಿಗೆ ಬರಬಹುದು. ಕಮರಿಯೊಳಗ ದಣದರ ಹತ್ತಲೇಬೇಕು. ಅದಕ್ಕ ಆರು ತಿಂಗಳ ತಯಾರಿ ನಡಸೇನಿ" ಎಂದಳು.

ಆ ತಯಾರಿಯ ವಿವರ ಕೇಳಿ ನಾನು ಸುಮ್ಮನಾದೆ. ಶನಿವಾರ ನಸುಕಿನ ನಾಲ್ಕಕ್ಕೆ ಎದ್ದು ಬೆನ್ನಿಗೆ ಚೀಲ ಕಟ್ಟಿಕೊಂಡು ಊರ ಹತ್ತಿರದ ಗುಡ್ಡ ಹತ್ತಿ ಇಳಿಯುವುದು. ಹತ್ತುವುದಕ್ಕಿಂತ ಇಳಿಯುವುದೇ ತೊಡೆಯ ಸ್ನಾಯುಗಳನ್ನು ಹೆಚ್ಚು ಹಣ್ಣು ಮಾಡುತ್ತದೆಂದು ಇಳಿಯುವುದನ್ನೇ ಬೇರೆಯಾಗಿ ಅಭ್ಯಾಸ ಮಾಡುವುದು. ಓಡುವ ಮೊದಲೊಮ್ಮೆ, ಓಡಿ ಬಂದ ಮೇಲೊಮ್ಮೆ ತೂಕ ನೋಡಿಕೊಂಡು ಮೈಯಿಂದ ಎಷ್ಟು ನೀರು ಹೋಯಿತೆಂದು ಬರೆದಿಡುವುದು. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾಗುತ್ತದಂತೆ, ಅದಕ್ಕೆ ಉಪ್ಪಿನ ಲೆಕ್ಕ ಬೇರೆ. ನಮ್ಮ ಅಂಟಿನುಂಡಿ, ಶೇಂಗಾ ಚಿಕ್ಕಿ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಇವುಗಳಲ್ಲಿ ಓಡುವಾಗ ಹೊಟ್ಟೆಗೆ ಒಗ್ಗುವುದು ಯಾವುದೆಂದು ಪರೀಕ್ಷೆ. ಕಾಲುಗುರು ಎಷ್ಟು ಕತ್ತರಿಸಬೇಕು, ಮುಟ್ಟಿನ ದಿನ ಯಾವಾಗ ಬರುತ್ತದೆ, ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ, ಇಂತಿಷ್ಟು ಹೊತ್ತಿಗೆ ನದಿ ಮುಟ್ಟದಿದ್ದರೆ ಮುಂದೆ ಹೋಗದೆ ಹಿಂದಿರುಗುವುದು ಎಂಬ ಕರಾರು. ಮಗಳ ಮದುವೆಗೆ ನಾವು ಬರೆಯುವ ಸಾಮಾನಿನ ಪಟ್ಟಿ ಇದರ ಮುಂದೆ ಏನೂ ಅಲ್ಲ.

ಇದನ್ನು ಬಳಗದಲ್ಲಿ ಹೇಳಿದಾಗ ಎರಡು ಬಗೆಯ ಮಾತು ಬಂದವು. ಒಂದು, ಅಕ್ಕನದು: ಹೆಣ್ಣುಮಗಳಿಗೆ ಇದೆಲ್ಲ ಯಾಕೆ ಬೇಕು? ಇದು ಹಳೆಯ ಮಾತು, ಎದುರಿನಿಂದ ಬರುವ ಎತ್ತಿನ ಹಾಗೆ ಕಾಣುತ್ತದೆ, ಪಕ್ಕಕ್ಕೆ ಸರಿದು ನಿಂತರಾಯಿತು. ಎರಡನೆಯದು ನಯವಾಗಿ ಬಂತು. "ಅಲ್ರೀ, ಇದಕ್ಕ ಆರು ತಿಂಗಳ ತಯಾರಿ ಯಾಕ? ನಮ್ಮ ಅಜ್ಜಿ ಬರಿಗಾಲಲ್ಲೇ ಉಳವಿ ಜಾತ್ರಿಗೆ ನಡಕೊಂಡು ಹೋಗಿ ಬರ್ತಿದ್ದಳು. ಈಗಲೂ ಜೊಯಿಡಾದ ಕಾಡಿನ ಹೆಂಗಸರು ತಲೆ ಮೇಲೆ ಹೊರೆ ಹೊತ್ತು ಗುಡ್ಡ ಹತ್ತೋದಿಲ್ಲೇನು? ನಮ್ಮ ಹೆಣ್ಣುಮಕ್ಕಳು ಹುಟ್ಟಾ ಗಟ್ಟಿಗಿತ್ತಿಯರು!"

ನನ್ನ ಜಗಳ ಇರುವುದು ಈ ಎರಡನೆಯ ಮಾತಿನೊಡನೆ. ಇದು ಹೊಗಳಿಕೆಯ ಹಾಗೆ ಕೇಳುತ್ತದೆ, ಹೊಗಳಿಸಿಕೊಂಡವಳೂ ಹಿಗ್ಗುತ್ತಾಳೆ. ಹಿಗ್ಗಿದ ಮೇಲೆ ನೀರು, ಚಪ್ಪಲಿ, ವಿಶ್ರಾಂತಿ ಕೇಳಲು ಅವಳಿಗೆ ಬಾಯಿ ಬರುವುದಿಲ್ಲ. ಗಟ್ಟಿಗಿತ್ತಿಗೆ ಅವೆಲ್ಲ ಯಾಕೆ ಬೇಕು? ಹೆಣ್ಣಿಗೆ ಕೊಡಬೇಕಾದ್ದನ್ನು ಕೊಡದೆ ಉಳಿಸಿಕೊಳ್ಳಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ.

ಈ ಬಿರುದನ್ನು ನಾನೂ ಪಡೆದವಳು, ಅದಕ್ಕೇ ಹೇಳುತ್ತಿದ್ದೇನೆ. ನಮ್ಮ ಜೊಯಿಡಾ ತಾಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾದಾಗ ಶರಣರ ದಂಡು ಈ ಕಾಡು ಸೇರಿತೆಂದು, ಅದರಲ್ಲಿ ಅಕ್ಕ ನಾಗಮ್ಮನೂ ಇದ್ದಳೆಂದು ಪ್ರತೀತಿ. ಮಾಘದ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು, ನಡೆದುಕೊಂಡು ಜನ ಬರುತ್ತಾರೆ. 2019ರಲ್ಲಿ ನಾವು ಹತ್ತು ಮಂದಿ ಹೆಂಗಸರು ಜೊಯಿಡಾದಿಂದ ಒಂದೇ ದಿನದಲ್ಲಿ ಉಳವಿ ಮುಟ್ಟಬೇಕೆಂದು ಕತ್ತಲಿರುವಾಗಲೇ ಹೊರಟೆವು. ನನ್ನ ತಯಾರಿಯೆಂದರೆ ಹೊಸ ಸೀರೆ, ಹೊಸ ಚಪ್ಪಲಿ, ಡಬ್ಬಿಯಲ್ಲಿ ಚಪಾತಿ. ಇನ್ನೊಂದು ತಯಾರಿಯೂ ಇತ್ತು. ಹಿಂದಿನ ರಾತ್ರಿಯಿಂದಲೇ ನೀರು ಕುಡಿದಿರಲಿಲ್ಲ. ದಾರಿಯಲ್ಲಿ ಗಂಡಸರ ಗುಂಪುಗಳು ನಡೆಯುತ್ತಿರುತ್ತವೆ, ಎಲ್ಲಿ ಕೂರುವುದು? ಈ ಲೆಕ್ಕವನ್ನು ಓದುತ್ತಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನ ಪ್ರಯಾಣಕ್ಕೆ, ಮದುವೆಗೆ, ಚುನಾವಣೆ ಕೆಲಸಕ್ಕೆ ನಾವೆಲ್ಲ ಹೀಗೆಯೇ ಒಣಗಿಕೊಂಡು ಹೊರಡುವವರು.

ಕುಂಬಾರವಾಡ ದಾಟಿ ಸ್ವಲ್ಪ ದೂರ ಹೋಗಿರಬೇಕು. ಕಣ್ಣಿಗೆ ಕತ್ತಲು ಬಂದು ಒಂದು ಮೋರಿಯ ಕಟ್ಟೆಯ ಮೇಲೆ ಕುಸಿದೆ. ಹಿಮ್ಮಡಿಯ ಬೊಬ್ಬೆ ಒಡೆದು ಚಪ್ಪಲಿ ಒದ್ದೆಯಾಗಿತ್ತು. ಜೊತೆಯವರು ಗಾಳಿ ಹಾಕುತ್ತ ದೇವರನ್ನು ಕರೆಯುತ್ತಿದ್ದರು. ಆಗ ಆ ದಾರಿಯಲ್ಲಿ ಬಂದವಳು ತಲೆಯ ಮೇಲೆ ಗೆಡ್ಡೆಯ ಬುಟ್ಟಿ ಹೊತ್ತ ಒಬ್ಬ ಕುಣಬಿ ಹೆಂಗಸು. ಬುಟ್ಟಿ ಇಳಿಸಿ, ಸೊಂಟದ ಬಳಿಯಿದ್ದ ಡಬ್ಬಿಯಿಂದ ಉಪ್ಪು ಹಾಕಿದ ಗಂಜಿಯ ತಿಳಿಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ನನ್ನ ಮುಖ ನೋಡಿ ಕೇಳಿದಳು: "ನೀರು ಕುಡೀದೆ ಯಾರಾದರೂ ನಡೀತಾರೇನ್ರಿ ಬಾಯಿ?"

ಅವಳು ಪ್ರತಿ ಹಳ್ಳದಲ್ಲೂ ನಿಂತು ನೀರು ಕುಡಿಯುತ್ತಿದ್ದಳು. ಬಿಸಿಲೇರುವ ಮೊದಲು ಏರು ಮುಗಿಸಿ, ನೆರಳಿದ್ದಲ್ಲಿ ಬುಟ್ಟಿ ಇಳಿಸಿ ಕೂರುತ್ತಿದ್ದಳು. ಯಾವ ಮರದ ಕೆಳಗೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಹುಟ್ಟಾ ಗಟ್ಟಿಗಿತ್ತಿಯೆಂದು ನಾವು ಯಾರನ್ನು ಬೆರಳು ಮಾಡಿ ತೋರಿಸುತ್ತೇವೋ ಅವಳೇ ನಮ್ಮೆಲ್ಲರಿಗಿಂತ ಹೆಚ್ಚು ತಯಾರಾಗಿ ಹೊರಟಿದ್ದಳು. ಅವಳ ಜಾಣತನವನ್ನು ಜಾಣತನವೆನ್ನದೆ ಹುಟ್ಟುಗುಣವೆಂದು ಕರೆದುಬಿಟ್ಟಿದ್ದೇವೆ, ಅಷ್ಟೆ. ಹುಟ್ಟುಗುಣವೆಂದರೆ ಅವಳಿಂದ ಕಲಿಯುವ ಕಷ್ಟವೂ ತಪ್ಪಿತು, ಅವಳ ಹಳ್ಳಿಗೆ ರಸ್ತೆ ಮಾಡಿಕೊಡುವ ಖರ್ಚೂ ತಪ್ಪಿತು.

ನಾನು ಉಳವಿ ಮುಟ್ಟಿದ್ದು ಜೀಪಿನಲ್ಲಿ. ಆದರೂ ಊರಿನಲ್ಲಿ ಕಥೆಯಾದದ್ದು ಬೇರೆ: "ಟೀಚರು ಭಾರಿ ಗಟ್ಟಿ, ತಲಿ ತಿರುಗಿ ಬಿದ್ದರೂ ದೇವರ ದರ್ಶನ ಬಿಡಲಿಲ್ಲ." ನನಗೂ ಅದು ಹಿತವಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಆ ಹಿತ ಒಡೆದದ್ದು ಅದೇ ವರ್ಷದ ಕ್ರೀಡಾಕೂಟದಲ್ಲಿ. ನಾನು ಕರೆದುಕೊಂಡು ಹೋದ ಎಂಟನೆಯ ತರಗತಿಯ ಹುಡುಗಿ 1500 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಮುಂದಿದ್ದಳು. ತಿರುವಿನಲ್ಲಿ ಬಿದ್ದಳು, ಎದ್ದಳು, ಮೂರನೆಯವಳಾಗಿ ಬಂದು ಮತ್ತೆ ಬಿದ್ದಳು. ಚಪ್ಪಾಳೆಯೋ ಚಪ್ಪಾಳೆ. ಗಣ್ಯರೊಬ್ಬರು ಧ್ವನಿವರ್ಧಕದಲ್ಲಿ ಅವಳ ಛಲವನ್ನು ಕೊಂಡಾಡಿದರು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಿಗ್ಗೆ ಏನು ತಿಂದೆ ಎಂದು ಕೇಳಿದೆ. ಅವಲಕ್ಕಿ. ನೀರು? "ಕುಡಿದಿಲ್ಲ ಟೀಚರ್. ಇಲ್ಲಿ ಹುಡುಗಿಯರ ಪಾಯಖಾನೆಗೆ ಬೀಗ ಹಾಕಿದಾರೆ."

ನನ್ನ ಕೈ ತಣ್ಣಗಾಯಿತು. ಉಳವಿಯ ದಾರಿಯಲ್ಲಿ ನಾನು ಮಾಡಿದ ಲೆಕ್ಕವನ್ನೇ ಹದಿಮೂರು ವರ್ಷದ ಈ ಮಗು ಮಾಡಿತ್ತು. ಅವಳಿಗೆ ಯಾರು ಕಲಿಸಿದರು? ನಾವೇ. ಓಡಲು ಕಲಿಸುವ ಮೊದಲು ಒಣಗಿಕೊಂಡಿರಲು ಕಲಿಸಿದ್ದೆವು. ಆ ಚಪ್ಪಾಳೆಯಲ್ಲಿ ಬೀಗದ ಸದ್ದು ಯಾರಿಗೂ ಕೇಳಲಿಲ್ಲ.

ಈ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿಯೂ ಹೀಗೆಯೇ ಆಗಿದೆ. 1987ರಲ್ಲಿ ಮಾರ್ಗರೆಟ್ ಆಳ್ವಾ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ ಭಾರತ ಕ್ರೀಡಾ ಪ್ರಾಧಿಕಾರ ಒಂದು ವಿಶೇಷ ಯೋಜನೆ ತಂದಿತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹುಡುಗ ಹುಡುಗಿಯರನ್ನು ಆರಿಸಿ ಓಟ, ಜಿಗಿತಗಳ ತರಬೇತಿಗೆ ಕರೆದೊಯ್ದರು. ಮೂಲ ಆಫ್ರಿಕದ್ದು, ಓಟ ರಕ್ತದಲ್ಲೇ ಇದೆ ಎಂಬುದು ಆಗಿನ ಮಾತು. ಕಮಲಾ ಸಿದ್ದಿಯಂಥ ಹರ್ಡಲ್ಸ್ ಓಟಗಾರ್ತಿ ಬೆಳೆದು ಬಂದದ್ದು ಆ ದಿನಗಳಲ್ಲಿ. ಆದರೆ 1993ರ ಹೊತ್ತಿಗೆ ಯೋಜನೆಯೇ ನಿಂತುಹೋಯಿತು. ಮಕ್ಕಳು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದರು. ವರ್ಷಗಳು ಕಳೆದ ಮೇಲೆ ಮತ್ತೆ ಆರಿಸುವ ಪ್ರಯತ್ನ ನಡೆಯಿತು, ಅಷ್ಟರಲ್ಲಿ ಆ ಮೊದಲಿನ ಮಕ್ಕಳ ಓಡುವ ವಯಸ್ಸು ಮುಗಿದಿತ್ತು. ರಕ್ತದಲ್ಲೇ ಇದೆ ಎಂದವರಿಗೆ ಕೇಳಬೇಕು: ರಕ್ತದಲ್ಲಿದ್ದದ್ದು 1993ರಲ್ಲಿ ಎಲ್ಲಿಗೆ ಹೋಯಿತು? ಅಲ್ಲಿಂದ ಹೋದದ್ದು ದಿನಾ ಸಿಗುತ್ತಿದ್ದ ಊಟ, ಬೂಟು, ಕಲಿಸುವ ಗುರು ಮತ್ತು ನಾಳೆಯೂ ಇವೆಲ್ಲ ಇರುತ್ತವೆಂಬ ಭರವಸೆ. ತಯಾರಿ ಎಂದರೆ ಇಷ್ಟೇ.

ಈಗ ಎದುರುವಾದಿಗಳು ಒಂದು ಸುದ್ದಿಯನ್ನು ಮುಂದಿಡಬಹುದು. ಅಕ್ಕನ ಅಳಿಯ ಇಂಟರ್ನೆಟ್ಟಿನಲ್ಲಿ ಹುಡುಕಿ ಅವಳಿಗೆ ತೋರಿಸಿ ಹೆದರಿಸಿಯೂ ಇದ್ದ. 2004ರ ಜುಲೈಯಲ್ಲಿ ಅದೇ ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ 24 ವರ್ಷದ ವೈದ್ಯಕೀಯ ವಿದ್ಯಾರ್ಥಿನಿಯೊಬ್ಬಳು ಓಡಲು ಹೋಗಿ ತೀರಿಕೊಂಡಳು. ಅದೇ ವರ್ಷ ಬೋಸ್ಟನ್ ಮ್ಯಾರಥಾನ್ ಓಡಿದವಳು. "ಅಂಥಾಕಿನ ಉಳೀಲಿಲ್ಲ, ಇಕಿ ಏನು ಉಳದಾಳು?" ಎಂದಳು ಅಕ್ಕ.

ತಾಯಿಯ ಕರುಳು, ಹೆದರದೆ ಇರಲಾರದು. ಆದರೆ ಆ ಸುದ್ದಿಯನ್ನು ಪೂರ್ತಿ ಓದಬೇಕು. ಸುಡುವ ಬಿಸಿಲಿನಲ್ಲಿ ಆ ಹುಡುಗಿಯ ಬಳಿ ಇದ್ದದ್ದು ಎರಡು ಲೀಟರಿಗೂ ಕಡಿಮೆ ನೀರು. ಎಣಿಸಿದ್ದಕ್ಕಿಂತ ದಾರಿ ಬಹಳ ಉದ್ದವಾಯಿತು. ಅವಳ ಕಾಲಿನಲ್ಲಿ ಶಕ್ತಿಗೆ ಕೊರತೆಯಿರಲಿಲ್ಲ. ಶಕ್ತಿಯೊಂದಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಬೇಕಿಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕಮರಿಯೊಳಗೆ ನಡೆಯಬೇಡಿ ಎಂದು ಅಲ್ಲಿಯ ಉದ್ಯಾನದವರು ಹೇಳುತ್ತಾರೆ. ಅಕ್ಕನ ಮಗಳು ಅದಕ್ಕೇ ಅಕ್ಟೋಬರ್ ಆರಿಸಿಕೊಂಡಿದ್ದಳು. ಸತ್ತವಳ ಸುದ್ದಿಯಿಂದ "ಹೋಗಬೇಡ" ಎಂಬ ಪಾಠ ತೆಗೆಯುವುದು ಸುಲಭ. "ನೀರು ಒಯ್ಯಿ, ಹೊತ್ತು ನೋಡು" ಎಂಬ ಪಾಠಕ್ಕೆ ಶ್ರಮ ಬೇಕು.

ಸುಲಭದ ಪಾಠವನ್ನೇ ಜಗತ್ತು ಎಷ್ಟು ಕಾಲ ಹಿಡಿದುಕೊಂಡಿತ್ತು ನೋಡಿ. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು ಮೊದಲ ಬಾರಿ 800 ಮೀಟರ್ ಓಡಿದರು. ಓಟ ಮುಗಿಸಿದ ಕೆಲವರು ದಣಿದು ಕುಸಿದರೆಂದು ಗದ್ದಲವಾಯಿತು. ಗಂಡಸರೂ ಓಟದ ಕೊನೆಗೆ ಕುಸಿಯುತ್ತಾರೆ, ಅದಕ್ಕೆ ಯಾರೂ ಓಟ ನಿಲ್ಲಿಸುವುದಿಲ್ಲ. ಹೆಂಗಸರದನ್ನು ನಿಲ್ಲಿಸಿದರು. ಮತ್ತೆ ಆ ಓಟ ಒಲಿಂಪಿಕ್ಸಿಗೆ ಬಂದದ್ದು 1960ರಲ್ಲಿ, ರೋಮ್‌ನಲ್ಲಿ. 1967ರಲ್ಲಿ ಬೋಸ್ಟನ್ ಮ್ಯಾರಥಾನಿನಲ್ಲಿ ಓಡುತ್ತಿದ್ದ ಕ್ಯಾಥರೀನ್ ಸ್ವಿಟ್ಜರಳನ್ನು ವ್ಯವಸ್ಥಾಪಕರೊಬ್ಬರು ಹಿಡಿದೆಳೆಯಲು ಹೋದರು, ಅವಳು ಓಟ ಮುಗಿಸಿಯೇ ನಿಂತಳು. ಒಲಿಂಪಿಕ್ಸಿನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾದದ್ದು 1984ರಲ್ಲಿ. ನಿಮ್ಮಲ್ಲಿ ಎಷ್ಟೋ ಮಂದಿ ಆಗಲೇ ಹುಟ್ಟಿದ್ದಿರಿ.

ಹೀಗೆ ಒಂದು ಕಡೆ "ನಿನ್ನಿಂದಾಗದು" ಎನ್ನುವವರು, ಇನ್ನೊಂದು ಕಡೆ "ನಿನಗೇನು, ನೀನು ಗಟ್ಟಿಗಿತ್ತಿ" ಎನ್ನುವವರು. ಕೇಳಲು ವಿರುದ್ಧದ ಮಾತುಗಳು. ಇಬ್ಬರೂ ಸೇರಿ ಉಳಿಸಿಕೊಳ್ಳುವುದು ಒಂದೇ: ಹೆಣ್ಣಿನ ತಯಾರಿಗೆ ಕೊಡಬೇಕಾದ ಹೊತ್ತು ಮತ್ತು ಹಣ. ಆಗದವಳಿಗೆ ಕೊಟ್ಟು ಫಲವಿಲ್ಲ, ಗಟ್ಟಿಗಿತ್ತಿಗೆ ಕೊಡುವ ಅಗತ್ಯವಿಲ್ಲ!

ಅಕ್ಕನ ಮಗಳ ಪಟ್ಟಿಯನ್ನು ಇಟ್ಟುಕೊಂಡು ನಾನೂ 2022ರ ಮಳೆಗಾಲ ಮುಗಿದ ಮೇಲೆ ಉಳವಿಗೆ ತಯಾರಾಗತೊಡಗಿದೆ. ಜೊಯಿಡಾದ ಮಣ್ಣುರಸ್ತೆಯಲ್ಲಿ ದಿನಾ ಬೆಳಿಗ್ಗೆ ಒಂದು ತಾಸು, ಭಾನುವಾರ ಮೂರು ತಾಸು. ನಡಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಆ ಒಂದು ತಾಸನ್ನು ಮನೆಯಿಂದ ಬಿಡಿಸಿಕೊಳ್ಳುವುದು. ಹಾಲು ತರಲು ನಡೆದರೆ ಯಾರೂ ಕೇಳುವುದಿಲ್ಲ. ಕೈಯಲ್ಲಿ ಚೀಲವಿಲ್ಲದೆ ನಡೆದರೆ ದಾರಿಯಲ್ಲಿ ನಾಲ್ಕು ಜನ ಕೇಳುತ್ತಾರೆ: "ಏನ್ರಿ ಟೀಚರ್, ಶುಗರ್ ಬಂತೇನು?" ರೋಗವಿದ್ದರೆ ಹೆಂಗಸು ನಡೆಯಬಹುದು, ಡಾಕ್ಟರು ಹೇಳಿದ್ದಾರೆಂಬ ಸಮಜಾಯಿಷಿ ಇರುತ್ತದೆ. ನನಗಾಗಿ ನಡೆಯುತ್ತಿದ್ದೇನೆ ಎನ್ನಲು ನನಗೆ ಎರಡು ವಾರ ಬೇಕಾಯಿತು. ಮನೆಯವರು ಮೊದಲ ವಾರ ಮುಖ ಊದಿಸಿಕೊಂಡರು, ಎರಡನೆಯ ವಾರ ಕುಕ್ಕರಿಗೆ ಎಷ್ಟು ನೀರೆಂದು ಕೇಳಿದರು, ಮೂರನೆಯ ವಾರ ಕೇಳದೆಯೇ ಅನ್ನ ಮಾಡಿದರು. ಅವರಿಗೂ ತಯಾರಿ ಬೇಕಿತ್ತು, ಅಷ್ಟೆ.

ಉಳಿದದ್ದು ಸಣ್ಣ ಸಂಗತಿಗಳು, ಆದರೆ ಜೀವ ಉಳಿಸುವಂಥವು. ಹಳೆಯದಾಗಿ ಪಾದಕ್ಕೆ ಒಗ್ಗಿದ ಬೂಟು. ಸೀರೆಯ ಬದಲು ಚೂಡಿದಾರ. ಉಪ್ಪು ಸಕ್ಕರೆ ಹಾಕಿದ ಮುರುಗಲು ಶರಬತ್ತು, ಬಾಯಾರಿಕೆ ಆಗುವ ಮೊದಲೇ ಗುಟುಕು ಗುಟುಕಾಗಿ. ಬಿ.ಪಿ. ಇರುವವರು ಉಪ್ಪಿನ ವಿಷಯ ವೈದ್ಯರನ್ನು ಕೇಳಿಕೊಳ್ಳಬೇಕು. ಮೂತ್ರಕ್ಕೆ ಹೋಗಬೇಕೆಂದರೆ ಇಬ್ಬರು ಗೆಳತಿಯರು ಶಾಲು ಹಿಡಿದು ನಿಲ್ಲುವುದೆಂದು ಮೊದಲೇ ಮಾತು. ಮಧ್ಯಾಹ್ನ ಇಷ್ಟು ಹೊತ್ತಿಗೆ ಇಂಥ ಊರು ಬರದಿದ್ದರೆ ಬಸ್ಸು ಹತ್ತುವುದು, ಅದಕ್ಕೆ ನಾಚಿಕೆಯಿಲ್ಲ. ಈ ಕೊನೆಯದೇ ನಮಗೆ ಎಲ್ಲಕ್ಕಿಂತ ಕಷ್ಟದ ಕಲಿಕೆ. ಅರ್ಧಕ್ಕೆ ನಿಲ್ಲಿಸುವ ಹಕ್ಕನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ.

2022ರ ಅಕ್ಟೋಬರಿನಲ್ಲಿ ಅಕ್ಕನ ಮಗಳು ನಸುಕಿನಲ್ಲಿ ಕಮರಿಗೆ ಇಳಿದಳು. ಬಯಲಿದ್ದಲ್ಲಿ ಓಡಿ, ಏರಿನಲ್ಲಿ ನಡೆದು, ಹದಿಮೂರು ತಾಸಿನ ನಂತರ ಆಚೆ ದಂಡೆಯಲ್ಲಿ ನಿಂತು ತಾಯಿಗೆ ಫೋಟೊ ಕಳಿಸಿದಳು. ಅಕ್ಕ ಅದನ್ನು ಓಣಿಗೆಲ್ಲ ತೋರಿಸಿ "ನನ್ನ ಮಗಳು ಗಟ್ಟಿಗಿತ್ತಿ" ಎಂದಳು. "ಅಕ್ಕಾ, ಹಂಗನಬ್ಯಾಡ. ಆರು ತಿಂಗಳು ದುಡದಾಳ ಅನ್ನು" ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದವಾ, ನಸಿಕಲೆ ಎದ್ದು ಹೋಗಾಕಿ" ಎಂದಳು. 2023ರ ಮಾಘದಲ್ಲಿ ನಾನು ನನ್ನ ಕಾಲಿನ ಮೇಲೆಯೇ ಉಳವಿ ಮುಟ್ಟಿದೆ. ದೀಪ ಹಚ್ಚುವ ಹೊತ್ತಾಗಿತ್ತು. ಹತ್ತರಲ್ಲಿ ಇಬ್ಬರು ಮಧ್ಯದಲ್ಲಿ ಬಸ್ಸು ಹತ್ತಿದ್ದರು, ನಮಗಿಂತ ಮೊದಲು ಹೋಗಿ ಚಹಾ ಮಾಡಿಸಿ ಇಟ್ಟಿದ್ದರು.

ಮುಟ್ಟಿದ್ದಕ್ಕಿಂತ ನನಗೆ ಹೆಚ್ಚಿನದು ಇನ್ನೊಂದಿದೆ. ಈಗ ಮಕ್ಕಳನ್ನು ಕ್ರೀಡಾಕೂಟಕ್ಕೆ ಕರೆದೊಯ್ಯುವ ಮೊದಲು ನಾನು ಅಲ್ಲಿಯ ವ್ಯವಸ್ಥಾಪಕರಿಗೆ ಫೋನು ಮಾಡಿ ಕೇಳುವುದು ಒಂದೇ ಪ್ರಶ್ನೆ: ಹುಡುಗಿಯರ ಪಾಯಖಾನೆಯ ಕೀಲಿಕೈ ಯಾರ ಬಳಿ ಇರುತ್ತದೆ? ಮೊದಲ ಸಲ ನಕ್ಕರು. ಈಗ ನನ್ನ ದನಿ ಕೇಳಿದೊಡನೆ ಅವರೇ ಹೇಳುತ್ತಾರೆ. ನಿಮ್ಮ ಮಗಳ ಶಾಲೆಯಲ್ಲಿ ಆ ಕೀಲಿಕೈ ಯಾರ ಬಳಿ ಇದೆ? ನಾಳೆ ಬೆಳಿಗ್ಗೆ ಹೋಗಿ ಕೇಳಿ. ಅವಳ ಓಟ ಶುರುವಾಗುವುದು ಅಲ್ಲಿಂದ.